ಖಾಲಿ ಹುದ್ದೆಗೊಂದು ಸೆಲ್ಯೂಟ್

ನಮ್ಮ ಮಿಲಿಟರಿಯಲ್ಲಿ ಎಲ್ಲರಿಗಿಂತ ಶಿಸ್ತಿನ ಸೈನಿಕ ಯಾರು ಗೊತ್ತಾ? ಖಾಲಿ ಹುದ್ದೆ. ರಜೆ ಕೇಳಲ್ಲ. ಸಿಯಾಚಿನ್‌ಗೆ ಹಾಕಿದರೂ ಚಳಿ ಅನ್ನಲ್ಲ. ರೇಷನ್ ಬೇಡ, ಬೂಟು ಬೇಡ, ಕ್ವಾರ್ಟರ್ಸ್ ಬೇಡ. ಎಲ್ಲಕ್ಕಿಂತ ಮುಖ್ಯ, ಯಾವತ್ತೂ ರಿಟೈರ್ ಆಗಲ್ಲ. ಹಣಕಾಸು ಇಲಾಖೆಯವರು ಇಂಥವನಿಗೆ ಇನ್ನೂ ಯಾಕೆ ಒಂದು ಪದಕ ಕೊಟ್ಟಿಲ್ಲವೋ!

ಈ ಆದರ್ಶ ಸೈನಿಕರು ಸುಮ್ನೆ ನಾಲ್ಕಾರು ಜನ ಅಂದುಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿ ಬಂತಲ್ಲ, ಅದರ ಪ್ರಕಾರ ಭೂಸೇನೆಯಲ್ಲಿ ಅಧಿಕಾರಿಗಳನ್ನು ಬಿಟ್ಟು ಉಳಿದವರ ಮಂಜೂರಾದ ಹುದ್ದೆ 11,97,520. ಇರುವವರು 11,05,110. ಅಂದರೆ 92,410 ಮಂದಿ ಕಣ್ಣಿಗೆ ಕಾಣದ ಯೋಧರು. ಅಧಿಕಾರಿಗಳ ಕಥೆ ಇನ್ನೂ ಚೆನ್ನಾಗಿದೆ. ಡಾಕ್ಟರು, ನರ್ಸುಗಳನ್ನು ಲೆಕ್ಕದಿಂದ ಹೊರಗಿಟ್ಟು 50,538 ಮಂದಿ ಇರಬೇಕು, ಇದ್ದವರು 42,095. ಪ್ರತಿ ಆರು ಕುರ್ಚಿಗೆ ಒಂದು ಖಾಲಿ. ಶತ್ರುವಿನ ಗೂಢಚಾರರು ಆ ಕುರ್ಚಿಯ ಗುಟ್ಟು ಭೇದಿಸಲಿ ನೋಡೋಣ.

ಕೊರತೆ ಹೇಗೆ ತುಂಬೋದು ಅನ್ನೋದಕ್ಕೂ ಬಗೆಬಗೆಯ ಯೋಚನೆಗಳು ನಡೆದಿವೆ. ನಿವೃತ್ತರಾದ ಅಧಿಕಾರಿಗಳನ್ನೇ ಮತ್ತೆ ಕರೆಸಿ ಕೇಂದ್ರ ಕಚೇರಿಗಳಲ್ಲಿ ಕೂರಿಸೋಣ, ಅಲ್ಲಿರುವ ಕಿರಿಯರನ್ನು ಗಡಿಗೆ ಕಳಿಸೋಣ ಅನ್ನೋದು ಅದರಲ್ಲೊಂದು. ಒಂದು ಕಡೆ ಐವತ್ತು ದಾಟಿದವರನ್ನು ವಾಪಸ್ ಬನ್ನಿ ಅನ್ನೋದು. ಇನ್ನೊಂದು ಕಡೆ ಇಪ್ಪತ್ತೈದೂ ತುಂಬದ ಹುಡುಗನಿಗೆ ನಿನ್ನ ಸೇವೆ ಮುಗೀತಪ್ಪಾ, ಊರಿಗೆ ಹೋಗು ಅನ್ನೋದು.

ಹೌದು, ನಾಲ್ಕು ವರ್ಷಕ್ಕೆ ಅಂತ ಸೈನಿಕರನ್ನು ಸೇರಿಸಿಕೊಳ್ಳುವ ಅಗ್ನಿಪಥದ ಮಾತೇ. 2022ರ ಜೂನ್ 14ರಂದು ಈ ಯೋಜನೆ ಪ್ರಕಟವಾದಾಗ ಇದು ಪಿಂಚಣಿ ಉಳಿಸೋಕೆ ಅಲ್ಲವೇ ಅಲ್ಲ ಅಂತ ಎಷ್ಟು ಸಲ ಹೇಳಿದರು! ಸೇನೆಯ ಸರಾಸರಿ ವಯಸ್ಸನ್ನು 32ರಿಂದ 26ಕ್ಕೆ ಇಳಿಸಬೇಕಂತೆ. ಯೌವನ ಬೇಕಂತೆ. ಒಪ್ಪೋಣ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ, ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ ಹೋಗುತ್ತದೆ ಅನ್ನೋದು, ಮತ್ತು ಹೊಸ ಯೋಜನೆಯಲ್ಲಿ ಪಿಂಚಣಿ, ಗ್ರ್ಯಾಚುಟಿ ಎರಡೂ ಇಲ್ಲ ಅನ್ನೋದು ಬರೀ ಕಾಕತಾಳೀಯ. ನಾಲ್ಕು ವರ್ಷ ದುಡಿಸು, ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಇಟ್ಟುಕೋ, ಉಳಿದ ಎಪ್ಪತ್ತೈದು ಮಂದಿಯ ಕೈಗೆ ಸುಮಾರು 11.71 ಲಕ್ಷ ಕೊಟ್ಟು ಕೈ ಮುಗಿ. ಆ ದುಡ್ಡಿನಲ್ಲೂ ಅರ್ಧ ಆ ಹುಡುಗನ ಸಂಬಳದಿಂದಲೇ ತಿಂಗಳು ತಿಂಗಳು ಮುರಿದಿದ್ದು.

ಮುಂದೇನು ಅಂತ ಹುಡುಗರು ಕೇಳಿದಾಗ ಉತ್ತರಗಳ ಮಳೆಯೇ ಸುರಿಯಿತು. ಬಿಜೆಪಿಯ ಕೈಲಾಶ್ ವಿಜಯವರ್ಗೀಯ ಅವರು ಪಕ್ಷದ ಕಚೇರಿಗೆ ಸೆಕ್ಯುರಿಟಿ ಬೇಕಾದರೆ ಹೀಗೆ ಸೇರಿದ ಅಗ್ನಿವೀರರಿಗೇ ಮೊದಲ ಆದ್ಯತೆ ಅಂದುಬಿಟ್ಟರು. ಸಚಿವ ಕಿಶನ್ ರೆಡ್ಡಿ ಅವರು ಡ್ರೈವರ್, ಎಲೆಕ್ಟ್ರಿಷಿಯನ್, ಕ್ಷೌರಿಕ, ಬಟ್ಟೆ ಒಗೆಯುವವ ಅಂತ ಪಟ್ಟಿಯನ್ನೇ ಕೊಟ್ಟರು. ಆಮೇಲೆ ಇಬ್ಬರ ಮಾತಿಗೂ ಸಾಕಷ್ಟು ಬೈಗುಳ ಬಿತ್ತು. ನನಗೇನೋ ಅವರ ಮೇಲೆ ಸಿಟ್ಟಿಲ್ಲ. ಬೇರೆಯವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಇವರು ಬಾಯಿಬಿಟ್ಟು ಹೇಳಿದರು, ಅಷ್ಟೇ.

ಭೂಸೇನೆಯ ಗೋಳು ಸಾಕು, ಸ್ವಲ್ಪ ಆಕಾಶ ನೋಡೋಣ. ವಾಯುಪಡೆಗೆ 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತಂಡ, ಬೇಕು ಅಂತ ಮಂಜೂರಾತಿ ಇದೆ. 1963ರಲ್ಲಿ ಸೇರಿದ ಮಿಗ್-21ಗೆ 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಅದ್ದೂರಿ ಬೀಳ್ಕೊಡುಗೆ ಆಯಿತಲ್ಲ, ಆಗ ಉಳಿದದ್ದು 29 ಸ್ಕ್ವಾಡ್ರನ್. ಅರವತ್ತೆರಡು ವರ್ಷದ ಸರ್ವಿಸ್! ಅಗ್ನಿವೀರನಿಗೆ ನಾಲ್ಕು, ಮಿಗ್‌ಗೆ ಅರವತ್ತೆರಡು. ಯೌವನ ಬೇಕು ಅನ್ನೋ ನಿಯಮ ವಿಮಾನಕ್ಕೆ ಅನ್ವಯಿಸಲ್ಲ ಅಂತ ಕಾಣುತ್ತೆ. ಅದರ ಜಾಗಕ್ಕೆ ಬರಬೇಕಾದ ತೇಜಸ್ ಮಾರ್ಕ್-1ಎ ವಿಮಾನಗಳನ್ನು 2021ರಲ್ಲೇ ಎಚ್‌ಎಎಲ್‌ಗೆ ಆರ್ಡರ್ ಮಾಡಿದ್ದರು, 83. 2024ರ ಮಾರ್ಚ್‌ನಿಂದ ಕೈಗೆ ಬರಬೇಕಿತ್ತು. ವಿಮಾನದ ಮೈ ಸಿದ್ಧವಾದರೆ ಅಮೆರಿಕದಿಂದ ಎಂಜಿನ್ ಬರಲಿಲ್ಲ. ಬೆಂಗಳೂರಿನ ಏರೋ ಇಂಡಿಯಾದಲ್ಲಿ ವಾಯುಪಡೆ ಮುಖ್ಯಸ್ಥರು ಎಚ್‌ಎಎಲ್ ಮೇಲೆ ಸದ್ಯಕ್ಕೆ ನಂಬಿಕೆ ಇಲ್ಲ ಅಂತ ಅವರ ಎದುರಿಗೇ ಹೇಳಿದ್ದು ವಿಡಿಯೊದಲ್ಲಿ ಸಿಕ್ಕಿಬಿತ್ತು. ಅಷ್ಟಾದ ಮೇಲೆ ಏನು ಮಾಡಿದರು ಅಂತೀರಿ? ಮಿಗ್ ಬೀಳ್ಕೊಡುಗೆಯ ಹಿಂದಿನ ದಿನ ಇನ್ನೂ 97 ತೇಜಸ್‌ಗೆ ಆರ್ಡರ್ ಕೊಟ್ಟರು. ಕಾಗದದ ಮೇಲೆ ನಮ್ಮ ವಾಯುಪಡೆ ಭಯಂಕರ ಬಲಿಷ್ಠ.

ಕಾಗದದ ಸೇನೆ ನಮಗೆ ಹೊಸದೂ ಅಲ್ಲ ಬಿಡಿ. 2013ರಲ್ಲಿ ಚೀನಾ ಗಡಿಗೆ ಅಂತ ಸುಮಾರು 90,000 ಸೈನಿಕರ ಪರ್ವತ ದಾಳಿ ಪಡೆಗೆ ಒಪ್ಪಿಗೆ ಸಿಕ್ಕಿತ್ತು. ಆಗಿನ ಸರ್ಕಾರ ಘೋಷಿಸಿತು, ಆಮೇಲಿನ ಸರ್ಕಾರ ದುಡ್ಡಿಲ್ಲ ಅಂತ ಅರ್ಧಕ್ಕೇ ನಿಲ್ಲಿಸಿತು. 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನಾ ಜೊತೆ ಘರ್ಷಣೆ ಆದಾಗ ಪಾಕಿಸ್ತಾನದ ಕಡೆಗಿದ್ದ ಪಡೆಗಳನ್ನೇ ಚೀನಾ ಕಡೆಗೆ ತಿರುಗಿಸಬೇಕಾಯಿತು. ಗಿಡ್ಡ ಕಂಬಳಿ, ತಲೆಗೆ ಎಳೆದರೆ ಕಾಲಿಗಿಲ್ಲ. ಅತ್ತ ನೇಪಾಳ 2022ರಿಂದ ಗೂರ್ಖಾ ಹುಡುಗರನ್ನು ಕಳಿಸೋದನ್ನೇ ನಿಲ್ಲಿಸಿದೆ. ನಾಲ್ಕು ವರ್ಷದ ಕೆಲಸ ನಮ್ಮ ಹಳೇ ಒಪ್ಪಂದದಲ್ಲಿ ಇರಲಿಲ್ಲವಲ್ಲ ಅನ್ನೋದು ಅವರ ತಕರಾರು.

ಇಲ್ಲಿಯವರೆಗೆ ನಗಬಹುದು. ಆ ಓಡುವ ಹುಡುಗರನ್ನು ನೆನೆದರೆ ಮಾತ್ರ ನಗು ಬರಲ್ಲ. ಬೆಳಗಿನ ಜಾವ ಹೆದ್ದಾರಿಯ ಅಂಚಿನಲ್ಲಿ ಓಡುತ್ತಿರುತ್ತಾರೆ, ನೀವೂ ನೋಡಿರುತ್ತೀರಿ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಮೇಲೆ ಹತ್ತು ಪುಲ್‌ಅಪ್, ಒಂಬತ್ತು ಅಡಿಯ ಹಳ್ಳ ಹಾರೋದು. ಕೊರೊನಾ ಅಂತ ಎರಡು ವರ್ಷ ಭರ್ತಿ ರ‍್ಯಾಲಿ ನಿಲ್ಲಿಸಿದರು. ಅದೇ ಕೊರೊನಾದಲ್ಲಿ ಚುನಾವಣಾ ಸಭೆಗಳು ನಿಲ್ಲಲಿಲ್ಲ. ಓಟ, ಮೆಡಿಕಲ್ ಎಲ್ಲ ಪಾಸಾಗಿ ಬರೀ ಲಿಖಿತ ಪರೀಕ್ಷೆಗೆ ಕಾದಿದ್ದ ಹುಡುಗರಿಗೆ ಒಂದು ದಿನ ಹಳೇ ಭರ್ತಿಯೇ ರದ್ದು, ಹೊಸದಾಗಿ ಅರ್ಜಿ ಹಾಕಿ ಅಂದರು. ಅಗ್ನಿಪಥದ ವಿರುದ್ಧ ಪ್ರತಿಭಟನೆ ಎದ್ದು ರೈಲುಗಳಿಗೆ ಬೆಂಕಿ ಬಿದ್ದ ಮೇಲೆ ಅದೊಂದೇ ವರ್ಷಕ್ಕೆ ವಯಸ್ಸಿನ ಮಿತಿಯನ್ನು 23ಕ್ಕೆ ಏರಿಸಿದರು. 23 ದಾಟಿದವರು ಎಲ್ಲಿ ಹೋಗಬೇಕು? ಕೋರ್ಟಿಗೆ ಹೋದರು. 2023ರಲ್ಲಿ ದೆಹಲಿ ಹೈಕೋರ್ಟೂ ಕೇಳಲಿಲ್ಲ, ಸುಪ್ರೀಂ ಕೋರ್ಟೂ ಕೇಳಲಿಲ್ಲ. ಲಕ್ಷದ ಹತ್ತಿರ ಹುದ್ದೆ ಖಾಲಿ ಇಟ್ಟುಕೊಂಡು, ಬಾಗಿಲ ಮುಂದೆ ನಿಂತವರಿಗೆ ನಿಮ್ಮ ವಯಸ್ಸು ಮೀರಿತು ಅನ್ನೋದಕ್ಕೆ ಯಾವ ಮುಖ ಇರಬೇಕು? ಅವರ ವಯಸ್ಸು ಅವರಾಗಿ ಮೀರಲಿಲ್ಲ. ನೀವು ಮೀರಿಸಿದಿರಿ.

ದುಡ್ಡಿಲ್ಲ ಅಂತಾರೆ. ಅಗ್ನಿವೀರನಿಗೆ ಮೊದಲ ವರ್ಷ ಕೈಗೆ ಸಿಗೋದು ತಿಂಗಳಿಗೆ 21,000 ರೂಪಾಯಿ. ಒಂದೇ ಅವಧಿಗೆ ಎಂಪಿ ಆಗಿದ್ದು ಮನೆಗೆ ಹೋದವರಿಗೆ ಪಿಂಚಣಿ 31,000. ಅದೂ 25,000 ಇದ್ದದ್ದನ್ನು 2025ರಲ್ಲಿ ಏರಿಸಿ, 2023ರ ಏಪ್ರಿಲ್‌ನಿಂದ ಲೆಕ್ಕ ಹಾಕಿ ಬಾಕಿ ಸಮೇತ. ಎಂಪಿ ಕುರ್ಚಿ ಖಾಲಿಯಾದರಂತೂ ಆರು ತಿಂಗಳೊಳಗೆ ಉಪಚುನಾವಣೆ ಮಾಡಿ ತುಂಬಬೇಕು ಅಂತ ಕಾನೂನೇ ಇದೆ. ಬಜೆಟ್‌ನಲ್ಲಿ ದುಡ್ಡಿಲ್ಲ, ಈ ಸಲ ಆ ಸೀಟು ಹಾಗೇ ಇರಲಿ ಅಂತ ಯಾರಾದರೂ ಒಬ್ಬರು ಹೇಳಿದ್ದು ಕೇಳಿದ್ದೀರಾ?