ಫ್ಯಾನ್ ನಿಂತರೆ ಹೆಸರು ಕಾಣುತ್ತದೆ

ನಾನು ಓದಿದ ಸರ್ಕಾರಿ ಶಾಲೆಗೆ ಎರಡು ವರ್ಷದ ಹಿಂದೆ ಎರಡು ಫ್ಯಾನ್ ಕೊಡಿಸಿದೆ. ಕೊಡಿಸಿದ ಮೇಲೆ ಪದ್ಧತಿಯಂತೆ ರೆಕ್ಕೆಗಳ ಮೇಲೆ ಹೆಸರು ಬರೆಸಬೇಕಲ್ಲ. ಮೊದಲ ರೆಕ್ಕೆಯಲ್ಲಿ ‘ದಾನಿಗಳು’, ಎರಡನೆಯದರಲ್ಲಿ ನನ್ನ ಹೆಸರು, ಮೂರನೆಯದರಲ್ಲಿ ನಮ್ಮಪ್ಪನ ಹೆಸರು ಮತ್ತು ‘ಸ್ಮರಣಾರ್ಥ’. ಎಲ್ಲವೂ ಕೆಂಪು ಪೇಂಟಿನಲ್ಲಿ. ತೊಂದರೆ ಒಂದೇ. ಫ್ಯಾನ್ ತಿರುಗಿದರೆ ಹೆಸರು ಕಾಣುವುದಿಲ್ಲ. ಹಾಗಾಗಿ ಶಾಲೆಗೆ ಯಾರಾದರೂ ಅತಿಥಿ ಬಂದರೆ ಹೆಡ್ ಮೇಡಂ ಮೊದಲು ಫ್ಯಾನ್ ಆಫ್ ಮಾಡಿಸುತ್ತಾರೆ. ದಾನಿಗೆ ಮರ್ಯಾದೆ ಅಲ್ವಾ? ಸರ್ಕಾರಿ ಶಾಲೆಗಳಲ್ಲಿ ಕರೆಂಟ್ ಉಳಿಸಲು ನಾನು ಕಂಡ ಯೋಜನೆಗಳಲ್ಲಿ ನೆಟ್ಟಗೆ ಕೆಲಸ ಮಾಡುತ್ತಿರುವುದು ಇದೊಂದೇ.

ಮಾರ್ಚ್ ಕೊನೆಯ ವಾರ ಅದೇ ಶಾಲೆಯಿಂದ ಆಮಂತ್ರಣ ಬಂತು. ‘ಆರೋಗ್ಯಕರ ಹಾಗೂ ಇಂಧನ ಮಿತವ್ಯಯದ ಮಾದರಿ ಶಾಲಾ ಕಟ್ಟಡ’ದ ಉದ್ಘಾಟನೆ. ಮಾರ್ಚ್ ಯಾಕೆ ಅಂತ ಕೇಳಬೇಡಿ. 31ರೊಳಗೆ ಬಿಲ್ ಆಗದಿದ್ದರೆ ಹಣ ವಾಪಸ್ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಕಟ್ಟಡಗಳು ಮುಗಿಯುವುದು ಕೆಲಸ ಮುಗಿದಾಗ ಅಲ್ಲ, ಮಾರ್ಚ್ ಮುಗಿದಾಗ.

ನಾನು ಓದುವಾಗ ಆ ಶಾಲೆಯಲ್ಲಿ ಫ್ಯಾನ್ ತೂಗುಹಾಕಲು ಕೊಕ್ಕೆಯೇ ಇರಲಿಲ್ಲ. ಬೇಕೂ ಇರಲಿಲ್ಲ. ಊರು ಬೆಂಗಳೂರು, ಸಮುದ್ರಮಟ್ಟದಿಂದ 900 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ಸಾಲದ್ದಕ್ಕೆ ಮಂಗಳೂರು ಹೆಂಚಿನ ಎತ್ತರದ ಮಾಡು, ಮೊಳದಪ್ಪದ ಗೋಡೆ, ಎದುರುಬದುರು ಕಿಟಕಿ, ಅವುಗಳ ಮೇಲೆ ಗವಾಕ್ಷಿ. ಬಿಸಿ ಗಾಳಿ ಮೇಲಕ್ಕೇರಿ ಗವಾಕ್ಷಿಯಿಂದ ಹೊರಗೆ ಹೋಗುತ್ತಿತ್ತು. ಗುಬ್ಬಚ್ಚಿ ಅದೇ ದಾರಿಯಲ್ಲಿ ಒಳಗೆ ಬರುತ್ತಿತ್ತು. ಇದಕ್ಕೆ ಕರೆಂಟ್ ಬೇಕಿರಲಿಲ್ಲ, ರಿಮೋಟ್ ಬೇಕಿರಲಿಲ್ಲ, ವಾರ್ಷಿಕ ನಿರ್ವಹಣೆಗೆ ಟೆಂಡರ್ ಕರೆಯಬೇಕಿರಲಿಲ್ಲ. ಅದಕ್ಕೇ ಆ ಕಟ್ಟಡವನ್ನು ‘ಶಿಥಿಲ’ ಎಂದು ಬರೆದು ಬೀಗ ಹಾಕಿದರು.

ಪಕ್ಕದಲ್ಲಿ ಎದ್ದದ್ದು ಆರ್‌ಸಿಸಿ ಡಬ್ಬ. ಗವಾಕ್ಷಿ ಎಲ್ಲಿ ಸಾರ್ ಅಂತ ಇಂಜಿನಿಯರ್ ಸಾಹೇಬರನ್ನು ಕೇಳಿದೆ. ‘ಟೈಪ್ ಪ್ಲಾನ್‌ನಲ್ಲಿ ಇಲ್ಲ ಸಾರ್’ ಅಂದರು. ಬೀದರ್‌ನ ಬಿಸಿಲಿಗೂ ಆಗುಂಬೆಯ ಮಳೆಗೂ ಬೆಂಗಳೂರಿನ ಗಾಳಿಗೂ ಅದೇ ಪ್ಲಾನಂತೆ. ಸಮಾನತೆ ಅಂದರೆ ಇದು.

ಈ ಊರಿನಲ್ಲಿ ಬಲ್ಲವರಿಗೇನೂ ಬರ ಇಲ್ಲ. ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವುದನ್ನು ಅಲ್ಲಿನವರು ಅರ್ಧ ಶತಮಾನದ ಹಿಂದೆಯೇ ತೋರಿಸಿಕೊಟ್ಟರು. ಆ ಇಟ್ಟಿಗೆಯ ಮನೆ ನೋಡಲು ದೂರದೂರದಿಂದ ಜನ ಬರುತ್ತಾರೆ. ನಮ್ಮ ಶಾಲೆಯಿಂದ ಅಲ್ಲಿಗೆ ಒಂದೇ ಬಸ್ಸಿನ ದಾರಿ. ಆದರೆ ಫೈಲ್‌ಗಳು ಬಸ್ಸಿನಲ್ಲಿ ಓಡಾಡುವುದಿಲ್ಲ.

ಈಗ ತಾರಸಿ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಸೆಖೆಯ ಅಸಲಿ ಕಳ್ಳ ಅಲ್ಲೇ ಇದ್ದಾನೆ. ವರ್ಷಕ್ಕೆರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಕೋಲು ನೆಟ್ಟು ನೋಡುತ್ತಾರೆ. ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಉಳಿದ ದಿನಗಳಲ್ಲೂ ನಡುಮಧ್ಯಾಹ್ನದ ಬಿಸಿಲು ಗೋಡೆಗಿಂತ ತಾರಸಿಗೇ ಜಾಸ್ತಿ ಬಡಿಯುತ್ತದೆ. ಕಾಂಕ್ರೀಟು ಅದನ್ನು ಕುಡಿದು, ಮಧ್ಯಾಹ್ನದ ಪಿರಿಯಡ್‌ಗಳಲ್ಲಿ ಮಕ್ಕಳ ತಲೆ ಮೇಲೆ ಸುರಿಯುತ್ತದೆ. 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್‌ನಲ್ಲಿ 38.5. ಎರಡೂ ಸಲ ಬೇಸಿಗೆ ರಜೆ ಇತ್ತು. ಮಕ್ಕಳ ಪುಣ್ಯ.

ಮದ್ದು ದೊಡ್ಡದೇನಲ್ಲ. ಬೆಂಗಳೂರಿನ ಎಷ್ಟೋ ಮನೆಯವರು ಫೆಬ್ರವರಿ ಬಂತೆಂದರೆ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ತಾರಸಿಗೆ ಬಳಿಯುತ್ತಾರೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಒಳಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

‘ಸಾರ್, ಸುಣ್ಣ ಹೊಡೆಸಬಹುದಿತ್ತಲ್ವಾ?’ ಅಂದೆ.

ಇಂಜಿನಿಯರ್ ಸಾಹೇಬರು ನನ್ನನ್ನು ಪಾಪ ಅನ್ನುವಂತೆ ನೋಡಿದರು. ‘ತಾರಸಿ ಯಾರಿಗೆ ಕಾಣುತ್ತೆ ಸಾರ್? ಹದ್ದಿಗೆ. ಹದ್ದನ್ನ ಕರೆದು ಉದ್ಘಾಟನೆ ಮಾಡಿಸೋಕಾಗುತ್ತಾ?’

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರೆ. ಸರ್ಕಾರಿ ಶಾಲೆಗೆ ಆ ಸುಣ್ಣವೂ ಸಿಗಲಿಲ್ಲ.

ಬಣ್ಣದ ಬಗ್ಗೆ ನಮಗೆ ಕಾಳಜಿ ಇಲ್ಲ ಅಂತಲ್ಲ. 2022ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳ ಹೊಸ ‘ವಿವೇಕ’ ಕೊಠಡಿಗಳಿಗೆ ಕೇಸರಿ ಬಳಿಯಬೇಕೋ ಬೇಡವೋ ಅಂತ ಇಡೀ ರಾಜ್ಯ ಕಚ್ಚಾಡಿತು. ಟಿವಿಯಲ್ಲಿ ರಾತ್ರಿ ಒಂಬತ್ತರ ಚರ್ಚೆಗೆ ಅದೇ ಗ್ರಾಸ. ಗೋಡೆಗೆ ಯಾವ ಬಣ್ಣ ಅನ್ನುವುದಕ್ಕೆ ಎಲ್ಲ ಪಕ್ಷಗಳಿಗೂ ಒಂದೊಂದು ಸಿದ್ಧಾಂತ ಇತ್ತು. ತಾರಸಿಗೆ ಬಿಳಿ ಬಳಿಯಿರಿ ಅಂತ ಧರಣಿ ಕೂತವರನ್ನು ಮಾತ್ರ ನಾನು ಕಾಣೆ. ಬಿಳಿಗೆ ವೋಟ್ ಬ್ಯಾಂಕ್ ಇಲ್ಲ.

ಸುಣ್ಣ ಇಲ್ಲದಿದ್ದರೇನು, ತಾರಸಿ ಮೇಲೆ ಸೋಲಾರ್ ಬಂದಿದೆ. ಐದು ಕಿಲೋವ್ಯಾಟ್. ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಲೆಕ್ಕ ಹಿಡಿದರೂ ಇಪ್ಪತ್ತು ಯೂನಿಟ್ ಬರಬೇಕು. ನಮ್ಮ ಕಡೆ ಪ್ಯಾನೆಲ್‌ಗಳು ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪವೇ ವಾಲಿರಬೇಕು. ಶಾಲೆಯ ಮುಂದಿನ ರಸ್ತೆ ಇರುವುದು ಉತ್ತರಕ್ಕೆ. ರಸ್ತೆಯಲ್ಲಿ ಹೋಗುವವರಿಗೆ ಕಾಣದಿದ್ದರೆ ಅದೆಂಥ ಸೋಲಾರ್? ಹಾಗಾಗಿ ಪ್ಯಾನೆಲ್‌ಗಳನ್ನು ಉತ್ತರಕ್ಕೆ ತಿರುಗಿಸಿ, ಹಿಂದಿನಿಂದ ಎತ್ತಿ ನಿಲ್ಲಿಸಿದ್ದಾರೆ. ನಡುಹಗಲಲ್ಲೂ ಸೂರ್ಯನಿಗೆ ಬೆನ್ನು ಹಾಕಿ ನಿಂತ ಸೋಲಾರನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಅದಕ್ಕೂ ಮೊದಲು ಪಶ್ಚಿಮದ ಹೊಂಗೆ ಮರ ಹೋಯಿತು. ಸಂಜೆ ಬಿಸಿಲು ಗೋಡೆಗೆ ಬೀಳದಂತೆ ಎರಡು ತಲೆಮಾರು ಅಡ್ಡ ನಿಂತಿದ್ದ ಮರ. ಪ್ಯಾನೆಲ್‌ಗೆ ನೆರಳಾಗುತ್ತದೆ ಅಂತ ಕಡಿದರು. ಹೇಳುವುದನ್ನು ಹೇಳಬೇಕು, ಇಡೀ ಯೋಜನೆಯಲ್ಲಿ ಹೇಳಿದ ದಿನಕ್ಕೇ ಮುಗಿದ ಕೆಲಸ ಅದೊಂದೇ. ಉಳಿದ ಬುಡದ ಮೇಲೆ ಈಗ ‘ಹಸಿರು ಶಾಲೆ’ ಫಲಕ ನಿಂತಿದೆ. ಬುಡ ಗಟ್ಟಿಯಾಗಿದೆ, ಫಲಕ ಅಲ್ಲಾಡುವುದಿಲ್ಲ.

ಮರ ಹೋದ ವಾರಕ್ಕೇ ತಾರಸಿಯ ಪೂರ್ವ ಮೂಲೆಯಲ್ಲಿ ಫ್ಲೆಕ್ಸ್ ಎದ್ದಿತು. ಸೋಲಾರ್ ಕೊಡಿಸಿದ ನಾಯಕರಿಗೆ ಹಾರ್ದಿಕ ಅಭಿನಂದನೆ. ನಾಯಕರ ಮುಖವೊಂದೇ ಹತ್ತಡಿ. ಕೆಳಗೆ ಸ್ಟಾಂಪ್ ಗಾತ್ರದಲ್ಲಿ ನಲವತ್ತು ಅಭಿಮಾನಿಗಳು. 2018ರಲ್ಲಿ ಹೈಕೋರ್ಟ್ ಸಿಟ್ಟಾದ ಮೇಲೆ ಈ ಊರಿನಲ್ಲಿ ಫ್ಲೆಕ್ಸ್ ನಿಷೇಧ ಆಯಿತು. ಆದರೆ ಕೃತಜ್ಞತೆಯನ್ನು ನಿಷೇಧಿಸೋಕಾಗುತ್ತಾ? ಬೆಳಿಗ್ಗೆ ಹತ್ತರವರೆಗೆ ಫ್ಲೆಕ್ಸಿನ ನೆರಳು ಪ್ಯಾನೆಲ್ ಮೇಲೇ. ಸಾಲಿನಲ್ಲಿ ಒಂದು ಪ್ಯಾನೆಲ್‌ಗೆ ನೆರಳು ಬಿದ್ದರೆ ಇಡೀ ಸಾಲು ಸೊರಗುತ್ತದೆ. ಹೊಂಗೆಯನ್ನು ಕಡಿಯಬಹುದು. ನಾಯಕರನ್ನು ಕಡಿಯಲು ಯಾವ ಇಲಾಖೆಯ ಪರವಾನಗಿ ಪಡೆಯಬೇಕೋ!

ಫ್ಯಾನಿನ ಲೆಕ್ಕ ಹೇಳುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಕೊಡಿಸಿದ್ದು 75 ವಾಟಿನ ಹಳೇ ಥರದ್ದು. ಅಗ್ಗಕ್ಕೆ ಸಿಕ್ಕಿತು. ಕಡಿಮೆ ಕರೆಂಟ್ ತಿನ್ನುವ ಹೊಸ ಥರದ ಬಿಎಲ್‌ಡಿಸಿ ಫ್ಯಾನ್ ಆದರೆ 30 ವಾಟ್ ಸಾಕಿತ್ತು. ಹನ್ನೆರಡು ಕೊಠಡಿ, ಕೊಠಡಿಗೆ ಎರಡು, ದಿನಕ್ಕೆ ಆರು ಗಂಟೆ. ಹಳೆಯದಾದರೆ ಸುಮಾರು 11 ಯೂನಿಟ್, ಹೊಸದಾದರೆ ನಾಲ್ಕು ಚಿಲ್ಲರೆ. ಇದನ್ನು ಹೆಡ್ ಮೇಡಂಗೆ ವಿವರಿಸಿದೆ. ಹಗಲು ಹನ್ನೊಂದಕ್ಕೆ ಅವರ ಎಲ್ಲ ಕೊಠಡಿಗಳಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು.

‘ಸಾರ್, 2023ರ ರಾಜ್ಯೋತ್ಸವದ ದಿನವೇ ಸರ್ಕಾರಿ ಶಾಲೆಗಳಿಗೆ ಕರೆಂಟ್ ಫ್ರೀ ಅಂತ ಹೇಳಿದ್ದಾರಲ್ಲ. ಹಾಕೋದು ಹೇಗೆ ಅಂತ ಗೊತ್ತು. ಆರಿಸೋದು ಯಾರು ಅಂತ ಆದೇಶ ಬಂದಿಲ್ಲ.’

ಹಗಲಲ್ಲಿ ಲೈಟ್ ಯಾಕೆ ಅಂದರೆ, ಕಿಟಕಿಗಳಿಗೆ ದಪ್ಪ ಪರದೆ. ಪರದೆ ಯಾಕೆ ಅಂದರೆ, ಸ್ಮಾರ್ಟ್ ಕ್ಲಾಸಿನ ಸ್ಕ್ರೀನ್ ಮೇಲೆ ಬೆಳಕು ಬೀಳಬಾರದು. ಸ್ಕ್ರೀನ್ ಕೆಲಸ ಮಾಡುತ್ತಾ ಅಂದರೆ, ಪಾಸ್‌ವರ್ಡ್ ಗೊತ್ತಿದ್ದ ಮಿಸ್ ವರ್ಗ ಆಗಿ ಹೋದರು.

ಮುಚ್ಚಿದ ಕೊಠಡಿಯಲ್ಲಿ ನಲವತ್ತೈದು ಮಕ್ಕಳು ಉಸಿರಾಡಿದರೆ ಏನಾಗುತ್ತದೆ ಅಂತ ಐದನೇ ಕ್ಲಾಸಿನವರಿಗೂ ಗೊತ್ತು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 420ರ ಆಸುಪಾಸು. ಒಳಗೆ ಅದು ಸಾವಿರ ದಾಟಿತೆಂದರೆ ಗಾಳಿ ಸಾಲುತ್ತಿಲ್ಲ ಅಂತಲೇ ಅರ್ಥ. ಆಮೇಲೆ ತೂಕಡಿಕೆ. ಇದನ್ನು ಅಳೆಯಲು ಒಂದು ಯಂತ್ರವೂ ಬಂದಿದೆ. ಬೆಲೆಬಾಳುವ ವಸ್ತು, ಮಕ್ಕಳು ಮುಟ್ಟಿ ಹಾಳುಮಾಡುತ್ತಾರೆ ಅಂತ ಹೆಡ್ ಮೇಡಂ ಕೋಣೆಯಲ್ಲೇ ಇಟ್ಟಿದ್ದಾರೆ. ಅಲ್ಲಿ ಅವರೊಬ್ಬರೇ, ಎರಡು ಕಿಟಕಿ, ಎರಡೂ ತೆರೆದಿವೆ. ತಿಂಗಳ ವರದಿಯಲ್ಲಿ ‘ಶಾಲೆಯ ಗಾಳಿ ಅತ್ಯುತ್ತಮ’. ಮಕ್ಕಳು ತೂಕಡಿಸುವುದು ಬಿಸಿಯೂಟದ ಪ್ರಭಾವ ಅಂತ ಷರಾ.

ಕುಡಿಯುವ ನೀರಿಗೆ ದಿನಕ್ಕೆ ಎರಡು ಸಲ ವಾಟರ್ ಬೆಲ್ ಹೊಡೆಯುತ್ತದೆ. ಒಂದು ಹುಡುಗಿ ಬಾಟಲಿ ತೆರೆದು, ತುಟಿಗೆ ತಾಗಿಸಿ, ಹಾಗೇ ಮುಚ್ಚಿದಳು. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತದಂತೆ. ಟಾಯ್ಲೆಟ್‌ನ ನಲ್ಲಿಗೆ ನೀರು ಉಳಿಸುವ ಏರಿಯೇಟರ್ ಹಾಕಿದ್ದಾರೆ. ನೂರಕ್ಕೆ ನೂರು ಉಳಿತಾಯ. ನಲ್ಲಿಗೆ ಪೈಪ್ ಜೋಡಿಸಿಲ್ಲ. ಜೋಡಿಸಬೇಕಾದವರು ಯಾರು ಅಂತ ಕೇಳಿದರೆ, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂತಲ್ಲ, ಅರ್ಜಿ ಆ ಐದರಲ್ಲಿ ಯಾವುದರದೋ ಟೇಬಲ್ ಮೇಲಿದೆಯಂತೆ.

ಉದ್ಘಾಟನೆಗೆ ಹನ್ನೊಂದೂವರೆ ಅಂತ ಇತ್ತು. ನಾಯಕರು ಬರುವಾಗ ಒಂದು ಗಂಟೆ. ಅಷ್ಟರಲ್ಲಿ ಹೊಸ ಕಟ್ಟಡದೊಳಗೆ ಕೂರಲಾಗದೆ ಒಬ್ಬೊಬ್ಬರೇ ಹೊರಗೆ ಬಂದರು. ಎಲ್ಲಿಗೆ ಹೋದರು ಅಂತ ನೋಡಿದರೆ ಹಳೇ ಕಟ್ಟಡದ ಜಗುಲಿಯಲ್ಲಿ ಸಾಲಾಗಿ ಕೂತಿದ್ದಾರೆ. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಗುತ್ತಿಗೆದಾರರು, ಬಿಸಿಯೂಟದ ಅಕ್ಕಂದಿರು. ತಲೆ ಮೇಲೆ ‘ಶಿಥಿಲ, ಪ್ರವೇಶ ನಿಷೇಧ’ ಬೋರ್ಡು. ಇಂಜಿನಿಯರ್ ಸಾಹೇಬರು ಶರ್ಟಿನ ಗುಂಡಿ ಬಿಚ್ಚಿ ಕಂಬಕ್ಕೆ ಒರಗಿದ್ದರು.

‘ಏನ್ ತಂಪು ಸಾರ್ ಇಲ್ಲಿ!’ ಅಂದರು. ತೊಡೆ ಮೇಲೆ ಫೈಲ್ ಇತ್ತು. ಅದೇ ಕಟ್ಟಡ ಕೆಡವುವ ಎಸ್ಟಿಮೇಟಿಗೆ ಅಲ್ಲೇ ಸಹಿ ಹಾಕಿದರು. ಅದೂ 31ರೊಳಗೆ ಹೋಗಬೇಕಂತೆ.

ಕೊನೆಗೆ ನಾಯಕರು ಬಂದರು. ಎಲ್ಲರೂ ಒಳಗೆ ನುಗ್ಗಿದೆವು. ರೂಢಿಯಂತೆ ಫ್ಯಾನ್ ನಿಂತಿತು. ಹೆಡ್ ಮೇಡಂ ಕೈ ಮೇಲೆತ್ತಿ ‘ನಮ್ಮ ಹಳೇ ವಿದ್ಯಾರ್ಥಿಗಳು, ದಾನಿಗಳು’ ಅಂತ ತೋರಿಸಿದರು. ನಾಯಕರು ಕತ್ತೆತ್ತಿ ಮೂರೂ ರೆಕ್ಕೆ ಓದಿ ತಲೆದೂಗಿದರು. ಆಮೇಲೆ ಇಂಧನ ಉಳಿತಾಯದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಮುಂದಿನ ಸಾಲಿನ ಮಕ್ಕಳು ಆಮಂತ್ರಣ ಪತ್ರಿಕೆ ಮಡಚಿ ಬೀಸಣಿಗೆ ಮಾಡಿಕೊಂಡಿದ್ದರು. ಬಾಟಲಿ ಮುಚ್ಚಿಟ್ಟ ಆ ಹುಡುಗಿ ಮೆಲ್ಲಗೆ ನನ್ನ ಶರ್ಟು ಎಳೆದಳು.

‘ಅಂಕಲ್, ನಿಮ್ಮ ಹೆಸರು ಎಲ್ಲರೂ ಓದಿದ್ರಲ್ಲ. ಈಗ ಫ್ಯಾನ್ ಹಾಕ್ಲಾ?’