ಒಪ್ಪಿಗೆಯ ಒಕ್ಕೂಟ

ಯುರೋಪಿನ ನಾಗರಿಕನಿಗೆ ಸಿಗುವಷ್ಟು ಮರ್ಯಾದೆ ಜಗತ್ತಿನಲ್ಲಿ ಇನ್ನಾರಿಗೂ ಸಿಗುವುದಿಲ್ಲ. ನಾಳೆ ಮಳೆ ಬರುತ್ತದೆಯೇ ಎಂದು ನೋಡಲು ಅವನು ಮೊಬೈಲ್ ತೆರೆದರೆ, ಮಳೆಗಿಂತ ಮೊದಲು ‘ಕುಕೀ’ಗಳಿಗೆ, ಅಂದರೆ ನಮ್ಮ ಗುರುತು ನೆನಪಿಡಲು ಜಾಲತಾಣಗಳು ಮೊಬೈಲಿನಲ್ಲಿ ಇಟ್ಟುಹೋಗುವ ಸಣ್ಣ ಕಡತಗಳಿಗೆ, ಒಪ್ಪಿಗೆ ಕೇಳುವ ಫಲಕ ಬರುತ್ತದೆ. ‘ನಿಮ್ಮ ಖಾಸಗಿತನ ನಮಗೆ ಅಮೂಲ್ಯ’ ಎಂಬುದು ಅದರ ಮೊದಲ ಸಾಲು. ಎಷ್ಟು ಅಮೂಲ್ಯವೆಂದರೆ, ಅದರಲ್ಲಿ ಪಾಲು ಪಡೆಯಲು ನೂರಾರು ‘ಪಾಲುದಾರರು’, ಅಂದರೆ ಜಾಹೀರಾತಿನ ಕಂಪನಿಗಳು, ಸಾಲುಗಟ್ಟಿ ನಿಂತಿರುತ್ತಾರೆ.

ಆ ಫಲಕವನ್ನು ಒಮ್ಮೆ ಕಣ್ತುಂಬ ನೋಡಬೇಕು. ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ಗುಂಡಿ ಢಾಳಾದ ಬಣ್ಣದಲ್ಲಿ, ಹೆಬ್ಬೆರಳಿಗೆ ತಾನಾಗಿ ಎಟುಕುವ ಜಾಗದಲ್ಲಿರುತ್ತದೆ. ಒಲ್ಲೆ ಎನ್ನುವ ಹಟಮಾರಿಗಳಿಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ‘ಆಯ್ಕೆಗಳನ್ನು ನಿರ್ವಹಿಸಿ’. ಒತ್ತಿದರೆ ಪುಟ್ಟ ಪುಟ್ಟ ಸ್ವಿಚ್ಚುಗಳ ಉದ್ದನೆಯ ಪಟ್ಟಿ. ಒಂದೊಂದನ್ನೇ ಆರಿಸುತ್ತ ಕೆಳಗಿಳಿದರೆ ‘ನ್ಯಾಯಸಮ್ಮತ ಹಿತಾಸಕ್ತಿ’ (ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಕಂಪನಿಗಳು ಹೇಳುವ ಕಾರಣ) ಎಂಬ ಇನ್ನೊಂದು ಒಳಕೋಣೆ. ಅಲ್ಲಿ ಅದೇ ಪಾಲುದಾರರು ಮತ್ತೆ ದೀಪ ಹಚ್ಚಿಕೊಂಡು ಕೂತಿರುತ್ತಾರೆ. ಅಷ್ಟು ಹೊತ್ತಿಗೆ ಮಳೆ ಬಂದು ನಿಂತಿರುತ್ತದೆ.

ಕುಕೀ ಎಂಬ ಈ ಕಡತ ಹುಟ್ಟಿದಾಗ ನಿರುಪದ್ರವಿಯಾಗಿತ್ತು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಜಾಲತಾಣಗಳಿಗೆ ಒಂದಿಷ್ಟು ನೆನಪಿನ ಶಕ್ತಿ ಇರಲಿ ಎಂದು ಅದನ್ನು ರೂಪಿಸಿದರು. ಜಾಹೀರಾತಿನವರ ಕೈಗೆ ಸಿಕ್ಕ ಮೇಲೆ ಅದು ಗೂಢಚಾರನಾಯಿತು. ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನ ದೊರೆಗಳಿಗೆ ಕೋಪ ಬಂದದ್ದು ನ್ಯಾಯವೇ. ಬೇಹುಗಾರಿಕೆ ಕೂಡದು ಎಂದು ಒಂದೇ ಸಾಲಿನಲ್ಲಿ ಬರೆದು ಮನೆಗೆ ಹೋಗಬಹುದಿತ್ತು. ಆದರೆ ಒಕ್ಕೂಟದ ಖಾಸಗಿತನದ ನಿಯಮಕ್ಕೆ ಬಂದ 2009ರ ತಿದ್ದುಪಡಿ ಹೇಳಿದ್ದು, ಮಾಡುವುದಾದರೆ ಕೇಳಿ ಮಾಡಿ ಎಂದು. 2018ರ ಮೇ 25ರಂದು ಜಾರಿಗೆ ಬಂದ, ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್, ಆ ಒಪ್ಪಿಗೆ ಮುಕ್ತವೂ ಸ್ಪಷ್ಟವೂ ಆಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು ಎಂದು ಇನ್ನಷ್ಟು ಬಿಗಿ ಮಾಡಿತು. ಅಂದಿನಿಂದ ಇಡೀ ಖಂಡ ಮುಕ್ತವಾಗಿ, ಸ್ಪಷ್ಟವಾಗಿ, ಏನನ್ನೂ ತಿಳಿಯದೆ ಒಪ್ಪುತ್ತಿದೆ.

ಸರ್ಕಾರ ಚಾಪೆ ಕೆಳಗೆ ತೂರಿದರೆ ಕಂಪನಿಗಳು ರಂಗೋಲಿ ಕೆಳಗೆ ತೂರಿದವು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು 2019ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಟಿಕ್ ಹೋಯಿತು, ‘ಬೇಡ’ ಗುಂಡಿ ಅಡಗಿತು. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ನಿಯಂತ್ರಕರು ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಜಡಿದರು. ‘ಬೇಡ’ ಗುಂಡಿ ಹೊರಗೆ ಬಂತು. ಇತ್ತ ಹಲವು ಪತ್ರಿಕೆಗಳ ತಾಣಗಳಲ್ಲಿ ಇನ್ನೊಂದು ಬಗೆಯ ಫಲಕ ಎದ್ದಿತ್ತು: ಒಪ್ಪಿಗೆ ಕೊಡಿ, ಇಲ್ಲವೇ ದುಡ್ಡು ಕೊಡಿ. ಚಂಬಲ್ ಕಣಿವೆಯಲ್ಲೂ ಮಾತು ಇಷ್ಟು ನೇರವಾಗಿತ್ತೋ ಇಲ್ಲವೋ.

ಇದನ್ನೆಲ್ಲ ಸರಿಪಡಿಸುವ ಪ್ರತ್ಯೇಕ ಕಾನೂನು 2017ರ ಜನವರಿಯಲ್ಲೇ ಮಂಡನೆಯಾಗಿತ್ತು. ಜಿಡಿಪಿಆರ್ ಜೊತೆಜೊತೆಗೇ ಜಾರಿಯಾಗಬೇಕಿದ್ದ ಅದನ್ನು ಎಂಟು ವರ್ಷ ಕರಡಿನ ಮೇಲೆ ಕರಡು ಬರೆದು, 2025ರಲ್ಲಿ ಹಿಂದಕ್ಕೆ ಪಡೆಯಲಾಯಿತು. ನಡುವೆ 2023ರಲ್ಲಿ, ಕಂಪನಿಗಳು ತಾವಾಗಿಯೇ ಪ್ರತಿಜ್ಞೆ ಸ್ವೀಕರಿಸಿದರೆ ಹೇಗೆ ಎಂಬ ಯೋಚನೆಯೂ ಬಂದಿತ್ತು. ಹೇಗೂ ಆಗಲಿಲ್ಲ.

ಕಾನೂನು ಬರೆದವರಾದರೂ ಪಾಲಿಸಿದರೇ? ಯುರೋಪಿನ ಭವಿಷ್ಯವನ್ನು ಚರ್ಚಿಸಲು ನಡೆದ ಸಮ್ಮೇಳನಕ್ಕೊಂದು ಜಾಲತಾಣವಿತ್ತು; ಅದನ್ನು ನಿರ್ವಹಿಸುತ್ತಿದ್ದದ್ದು ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ. ಅಲ್ಲಿ ಫೇಸ್‌ಬುಕ್ ಮೂಲಕ ಲಾಗಿನ್ ಆದ ಜರ್ಮನ್ ನಾಗರಿಕನೊಬ್ಬನ ಐಪಿ ವಿಳಾಸ (ಅಂತರಜಾಲದಲ್ಲಿ ಅವನ ಸಾಧನದ ಗುರುತಿನ ಸಂಖ್ಯೆ) ಸೀದಾ ಅಮೆರಿಕಕ್ಕೆ ಹೋಯಿತು. ಆತನಿಗೆ 400 ಯೂರೊ ಪರಿಹಾರ ಕೊಡಿ ಎಂದು 2025ರ ಜನವರಿ 8ರಂದು ಒಕ್ಕೂಟದ ನ್ಯಾಯಾಲಯವೇ ಆಯೋಗಕ್ಕೆ ಆದೇಶಿಸಿತು. ಭವಿಷ್ಯ ಚರ್ಚಿಸಲು ಹೋದವನಿಗೆ ಅಷ್ಟಾದರೂ ಗಿಟ್ಟಿತು.

ಈಗ ಜ್ಞಾನೋದಯವಾಗಿದೆ. 2025ರ ನವೆಂಬರ್ 19ರಂದು ಆಯೋಗ ‘ಡಿಜಿಟಲ್ ಸರಳೀಕರಣ’ದ ಪ್ರಸ್ತಾವ ಮುಂದಿಟ್ಟಿತು. ಅದರ ಪ್ರಕಾರ ಒಂದೇ ಒತ್ತಿಗೆ ‘ಬೇಡ’ ಎನ್ನಬಹುದು, ಆಮೇಲೆ ಆರು ತಿಂಗಳು ಯಾರೂ ಮತ್ತೆ ಕೇಳಕೂಡದು. ಮುಂದಿನ ಹೆಜ್ಜೆಯಾಗಿ ಬ್ರೌಸರ್‌ನಲ್ಲೇ ಒಮ್ಮೆ ಇಷ್ಟಾನಿಷ್ಟ ತಿಳಿಸಿಟ್ಟರೆ ಎಲ್ಲ ತಾಣಗಳೂ ಅದನ್ನು ಪಾಲಿಸಬೇಕು. ಅದ್ಭುತ ಉಪಾಯ. 2009ರ ತಿದ್ದುಪಡಿಯ ಪೀಠಿಕೆಯಲ್ಲಿ, 66ನೇ ಪರಿಚ್ಛೇದದಲ್ಲಿ, ಬ್ರೌಸರ್‌ನ ಸೆಟ್ಟಿಂಗ್ ಮೂಲಕವೂ ಒಪ್ಪಿಗೆ ಸೂಚಿಸಬಹುದು ಎಂದು ಬರೆದದ್ದು ಇದನ್ನೇ. ಬರೆದವರು ಓದಲು ಹದಿನಾರು ವರ್ಷ ಹಿಡಿಯಿತು. ಹೊಸ ಪ್ರಸ್ತಾವದಲ್ಲಿ ಒಂದು ಸಣ್ಣ ವಿನಾಯಿತಿಯೂ ಇದೆ: ಬ್ರೌಸರ್‌ನ ಮಾತನ್ನು ಸುದ್ದಿ ಮಾಧ್ಯಮಗಳು ಕೇಳಬೇಕಿಲ್ಲ. ದುಡ್ಡು ಕೊಡಿ ಎಂದು ಫಲಕ ನಿಲ್ಲಿಸಿಕೊಂಡಿರುವವರೂ ಅವರೇ ಎಂಬುದು ಕಾಕತಾಳೀಯವಿರಬೇಕು.

ನಾವೂ ಹಿಂದೆ ಬಿದ್ದಿಲ್ಲ. ಭಾರತದ 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಾಗರಿಕನಿಗೆ ಇರಬೇಕು. ಓದದೆ ಗುಂಡಿ ಒತ್ತುವ ಸೌಭಾಗ್ಯ ಇನ್ನು ಮುಂದೆ ಅಚ್ಚಗನ್ನಡದಲ್ಲೇ ಸಿಗಲಿದೆ.