ನಮ್ಮೂರ ಬಂಡಿದಾರಿಗೆ ಇವರ ಗೇಟು

ಇವತ್ತು ಬೆಳಿಗ್ಗೆ ಆರು ಗಂಟೆಗೆ ನನ್ನ ಚಿಕ್ಕಪ್ಪ ಮೊಪೆಡ್ಡಿಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟರು. ಆರೂ ಮುಕ್ಕಾಲಾದರೂ ಅವರು ಹೊಸ ಬಡಾವಣೆಯವರು ನಮ್ಮೂರ ದಾರಿಗೆ ಹಾಕಿದ ಗೇಟಿನ ಹತ್ತಿರವೇ ನಿಂತಿದ್ದರು. ಕಾವಲುಗಾರ ಹೊಸಬ. ನೋಟ್‌ಬುಕ್ ಮುಂದೆ ಹಿಡಿದು "ಯಾವ ಮನೆಗೆ ಬಂದಿದ್ದೀರಿ, ನಂಬರ್ ಹೇಳಿ" ಎಂದು ಕೇಳುತ್ತಾನೆ. "ನಾನು ಯಾರ ಮನೆಗೂ ಬಂದಿಲ್ಲಪ್ಪ, ಇದು ನಮ್ಮೂರ ದಾರಿ, ಡೈರಿಗೆ ಹೋಗುತ್ತಿದ್ದೇನೆ" ಎಂದು ಇವರು ಹೇಳುತ್ತಾರೆ. ಮನೆ ನಂಬರ್ ಇಲ್ಲದಿದ್ದರೆ ಒಳಗೆ ಬಿಡುವಂತಿಲ್ಲವಂತೆ. ಮೇಲ್ವಿಚಾರಕನಿಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಕೊನೆಗೆ ಯಾರೋ ಪರಿಚಯದವರು ಬಂದು ಗೇಟು ತೆಗೆಸುವ ಹೊತ್ತಿಗೆ ಹಾಲಿನ ಗಾಡಿ ಹೊರಟುಹೋಗಿತ್ತು. ಹದಿನಾಲ್ಕು ಲೀಟರ್ ಹಾಲು ಮನೆಗೆ ವಾಪಸು ಬಂತು. ಚಿಕ್ಕಪ್ಪನಿಗೆ ಅರವತ್ತೆಂಟು ವರ್ಷ. ಕ್ಯಾನುಗಳನ್ನು ಜಗುಲಿಯ ಮೇಲೆ ಇಟ್ಟು, ಯಾರೊಡನೆಯೂ ಮಾತನಾಡದೆ ಹಸುವಿನ ಹತ್ತಿರ ಹೋಗಿ ಕುಳಿತರು. ಅದನ್ನು ನೋಡಿದಾಗಿನಿಂದ ನನ್ನ ಹೊಟ್ಟೆ ಉರಿಯುತ್ತಿದೆ.

ನಮ್ಮದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಕೆರೆಯ ಮಗ್ಗುಲಿಗಿರುವ ಇಪ್ಪತ್ತೆಂಟು ಮನೆಗಳ ಊರು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಜರೆ, ಅಂದರೆ ದೊಡ್ಡ ಊರಿಗೆ ಸೇರಿದ ಉಪಗ್ರಾಮ. ಡೈರಿ, ಪಡಿತರ ಅಂಗಡಿ, ಶಾಲೆ, ಪಂಚಾಯಿತಿ ಎಲ್ಲವೂ ಇರುವುದು ಒಂದು ಕಿಲೋಮೀಟರ್ ಆಚೆಯ ದೊಡ್ಡ ಊರಿನಲ್ಲಿ. ಅಲ್ಲಿಗೆ ಹೋಗಲು ಇದ್ದದ್ದು ಈ ಒಂದೇ ಬಂಡಿದಾರಿ. ಇದನ್ನು ಬಿಟ್ಟರೆ ಕೆರೆ ಏರಿ ಸುತ್ತಿ ಹೆದ್ದಾರಿಯ ಸರ್ವಿಸ್ ರಸ್ತೆ ಹಿಡಿದು ನಾಲ್ಕೂವರೆ ಕಿಲೋಮೀಟರ್ ಹೋಗಬೇಕು. ಅಲ್ಲಿ ಲಾರಿಗಳು ಎದುರುದಿಕ್ಕಿನಿಂದಲೇ ನುಗ್ಗುತ್ತವೆ. ಮಕ್ಕಳನ್ನು ಆ ರಸ್ತೆಯಲ್ಲಿ ಸೈಕಲ್ ಮೇಲೆ ಕಳಿಸುವ ಧೈರ್ಯ ಯಾವ ತಾಯಿಗಿದೆ?

ದಾರಿಯ ಎರಡೂ ಬದಿಯ ಹೊಲಗಳು ಎಂಟು ವರ್ಷದ ಹಿಂದೆ ಮಾರಾಟವಾದವು. ಮಾರಿದವರು ನಮ್ಮವರೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಮಗಳ ಮದುವೆ, ಬತ್ತಿದ ಕೊಳವೆಬಾವಿ, ಸಾಲ, ಒಬ್ಬೊಬ್ಬರಿಗೆ ಒಂದೊಂದು ಕಾರಣವಿತ್ತು. ಆದರೆ ಹೊಲ ಮಾರಿದರು, ದಾರಿಯನ್ನು ಯಾರೂ ಮಾರಲಿಲ್ಲ. ಮಾರಲು ಅದು ಯಾರ ಸ್ವತ್ತೂ ಅಲ್ಲ. ಗ್ರಾಮ ನಕಾಶೆ ತೆಗೆದು ನೋಡಿ, ಎರಡು ಸಾಲು ಚುಕ್ಕೆಗೆರೆಯಲ್ಲಿ ಬಂಡಿದಾರಿ ಸ್ಪಷ್ಟವಾಗಿದೆ. ಪಹಣಿ ತೆಗೆದು ನೋಡಿ, ಒಂದೇ ಸರ್ವೆ ನಂಬರಿನಲ್ಲಿ ಏಳು ಗುಂಟೆ ಬಿ ಖರಾಬು. ಬಿ ಖರಾಬು ಎಂದರೆ ಸಾರ್ವಜನಿಕರ ಬಳಕೆಗೆಂದು ಬಿಟ್ಟ ಜಾಗ. ಅದಕ್ಕೆ ಕಂದಾಯವಿಲ್ಲ, ಅದನ್ನು ಮಾರುವ ಹಕ್ಕು ಜಮೀನಿನ ಮಾಲೀಕನಿಗೂ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಸಾರ್ವಜನಿಕ ರಸ್ತೆ, ದಾರಿಗಳೆಲ್ಲ ಸರ್ಕಾರದ ಸ್ವತ್ತು ಎನ್ನುತ್ತದೆ. ಇದನ್ನೆಲ್ಲ ನಾನು ವಕೀಲನಾಗಿ ಕಲಿತದ್ದಲ್ಲ, ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕಾದು ಕಾದು ಕಲಿತದ್ದು.

ಆ ಹೊಲಗಳು ಬಡಾವಣೆಯಾದಾಗ ದಾರಿಗೆ ಮೊದಲು ಬಂದದ್ದು ಡಾಂಬರು. ನಮಗೂ ಖುಷಿಯಾಯಿತು, ಮಳೆಗಾಲದ ಕೆಸರು ತಪ್ಪಿತು ಎಂದುಕೊಂಡೆವು. ಆಮೇಲೆ ಎರಡೂ ಕಡೆ ಕಾಂಪೌಂಡ್ ಎದ್ದಿತು. ಮುಂದೆ ಎರಡು ತುದಿಗೂ ಗೇಟು. ಎಲ್ಲೋ ಒಂದು ಮನೆಯಲ್ಲಿ ಕಳ್ಳತನವಾಯಿತೆಂದು ಕಾವಲು, ಕಾವಲಿನ ಹಿಂದೆ ನೋಟ್‌ಬುಕ್, ನೋಟ್‌ಬುಕ್ಕಿನ ಹಿಂದೆ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಬೀಗ. ಕಳ್ಳತನ ಮಾಡಿದವರು ನಮ್ಮೂರಿನವರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಮ್ಮ ಕಡೆಯ ಗೇಟಿಗೆ ಮಾತ್ರ ಮೊದಲು ಕ್ಯಾಮೆರಾ ಬಂತು.

ನಿವಾಸಿಗಳ ಸಂಘದವರು ಹೇಳುವ ಮಾತು ಒಂದೇ: ರಸ್ತೆ ನಮ್ಮ ನಿರ್ವಹಣಾ ಶುಲ್ಕದಲ್ಲಿ ಆಗಿದೆ. ಸ್ವಾಮಿ, ಡಾಂಬರು ನಿಮ್ಮದಿರಬಹುದು. ಅದರ ಅಡಿಯ ನೆಲ ನಮ್ಮ ಅಜ್ಜ, ಮುತ್ತಜ್ಜಂದಿರ ಗಾಡಿಚಕ್ರ ಸವೆಸಿದ ನೆಲ. ಬಡಾವಣೆಗೆ ಮಂಜೂರಾತಿ ಪಡೆಯುವಾಗ ಒಳಗಿನ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕೆಂಬ ನಿಯಮ ನಿಮಗೆ ಮನೆ ಮಾರಿದವನಿಗೆ ಗೊತ್ತಿರಲಿಲ್ಲವೇ? ಅವನು ನಿಮಗೆ ಹೇಳದೆ ಮೋಸ ಮಾಡಿದ್ದರೆ ಅವನನ್ನು ಕೇಳಿ. ಹಾಲಿನ ಕ್ಯಾನು ಹೊತ್ತ ಮುದುಕನನ್ನು ತಡೆಯಬೇಡಿ. ಕಾವಲುಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಎಲ್ಲಿಂದಲೋ ಊರು ಬಿಟ್ಟು ಬಂದವರು, ಹನ್ನೆರಡು ಗಂಟೆ ನಿಂತುಕೊಂಡೇ ದುಡಿಯುತ್ತಾರೆ.

ನಮ್ಮ ಸ್ಮಶಾನವೂ ಇದೇ ದಾರಿಯಲ್ಲಿದೆ. ಕಳೆದ ವರ್ಷ ಅಜ್ಜಿ ತೀರಿಕೊಂಡಾಗ ಚಟ್ಟ ಹೊತ್ತು ಹೊರಟೆವು. ಗೇಟಿನಲ್ಲಿ ತಡೆಯಲಿಲ್ಲ, ಅಷ್ಟು ಮಾನ ಉಳಿಸಿದರು. ಆದರೆ ಅರ್ಧ ದಾರಿಯಲ್ಲಿ ಕಾವಲುಗಾರ ಓಡಿಬಂದು, ಮನೆಯವರು ಆಫೀಸಿನ ಮೀಟಿಂಗ್‌ನಲ್ಲಿದ್ದಾರೆ, ತಮಟೆ ನಿಲ್ಲಿಸಿ ಎಂದ. ಹೆಗಲ ಮೇಲೆ ಹೆಣ, ಏನು ಜಗಳ ಮಾಡುವುದು? ತಮಟೆಯವರು ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ನಿಂತಿತು. ಎಂಬತ್ತಾರು ವರ್ಷ ಆ ದಾರಿಯಲ್ಲಿ ಸೊಪ್ಪಿನ ಹೊರೆ ಹೊತ್ತು ಓಡಾಡಿದ ಹೆಂಗಸು ಕೊನೆಯ ಸಲ ಅಲ್ಲಿ ಸದ್ದಿಲ್ಲದೆ ಹೋದಳು. ಆವತ್ತು ನಾನು ತಲೆ ಆಡಿಸಿದ್ದು ಇಂದಿಗೂ ನನ್ನನ್ನು ಸುಡುತ್ತಿದೆ.

ಅರ್ಜಿ ಕೊಟ್ಟಿಲ್ಲವೇ ಎಂದು ಕೇಳುವವರಿಗೆ ಹೇಳುತ್ತೇನೆ, ಮೂರು ಕೊಟ್ಟಿದ್ದೇವೆ. ಮೊದಲನೆಯದು ಕಡತವೇ ಸಿಗದೆ ಹೋಯಿತು. ಎರಡನೆಯದಕ್ಕೆ ಹದ್ದುಬಸ್ತು, ಅಂದರೆ ಅಳತೆ ಮಾಡಿ ಗಡಿ ಗುರುತಿಸುವ ಕೆಲಸ, ಮಾಡಿಸಿ ಎಂದರು. ಶುಲ್ಕ ಕಟ್ಟಿ ಏಳು ತಿಂಗಳು ಕಾದೆವು, ಅಳತೆಗೆ ಯಾರೂ ಬರಲಿಲ್ಲ. ಮೂರನೆಯದಕ್ಕೆ ಸ್ಥಳ ತನಿಖೆಗೆ ಅಧಿಕಾರಿಯೇ ಜೀಪಿನಲ್ಲಿ ಬಂದರು. ಸರ್ಕಾರಿ ಜೀಪು ಕಂಡದ್ದೇ ಗೇಟು ತಾನಾಗಿ ಮೇಲೆದ್ದಿತು, ಕಾವಲುಗಾರ ಸೆಲ್ಯೂಟ್ ಹೊಡೆದ. ಅವರು ಈ ತುದಿಯಿಂದ ಆ ತುದಿಗೆ ಜೀಪಿನಿಂದ ಇಳಿಯದೆ ಹೋದರು. ವರದಿಯಲ್ಲಿ ಏನು ಬರೆದಿದ್ದಾರೆ ಗೊತ್ತೇ? "ಸದರಿ ರಸ್ತೆಯು ತೆರೆದಿದ್ದು, ಸಾರ್ವಜನಿಕ ಸಂಚಾರಕ್ಕೆ ಯಾವುದೇ ಅಡಚಣೆ ಕಂಡುಬಂದಿರುವುದಿಲ್ಲ." ಆ ಕಾಗದ ನನ್ನ ಹತ್ತಿರ ಇದೆ. ಆ ಒಂದು ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಜೀಪಿನ ಹಿಂದೆಯೇ ನಮ್ಮ ಇಬ್ಬರು ಹುಡುಗರು ಸೈಕಲ್ಲಿನಲ್ಲಿ ಹೋದರು. ಅವರನ್ನು ನಿಲ್ಲಿಸಿ ಹೆಸರು ಬರೆಸಿಕೊಂಡರು. ಅಧಿಕಾರಿ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ್ದರೆ ಸಾಕಿತ್ತು.

ನಗರದಿಂದ ನಾವು ಏನನ್ನೂ ಕೇಳಿದವರಲ್ಲ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಗರದ ಒಳಗೆ ಸೇರಿದವರೇ ಹದಿನೇಳು ವರ್ಷ ಕಾದರೆಂದ ಮೇಲೆ, ಹೊರಗಿರುವ ನಾವು ನೀರು ಕೊಡಿ, ಚರಂಡಿ ಕೊಡಿ ಎಂದು ಹಟ ಹಿಡಿದಿಲ್ಲ. ನಿಮ್ಮ ಬಸ್ಸು, ಮೆಟ್ರೊ ಬೇಡ. ನಮ್ಮ ಹತ್ತಿರ ಮೊದಲೇ ಇದ್ದದ್ದನ್ನು, ನೀವು ಬರುವ ಮೊದಲು ನಾವು ಯಾರನ್ನೂ ಕೇಳದೆ ನಡೆಯುತ್ತಿದ್ದ ದಾರಿಯನ್ನು ನಮಗೆ ಬಿಡಿ.

ಮಧ್ಯಾಹ್ನ ಊರಿನವರೆಲ್ಲ ಅರಳಿಕಟ್ಟೆಯ ಹತ್ತಿರ ಸೇರಿದ್ದೆವು. ನಾಲ್ಕನೆಯ ಅರ್ಜಿಯನ್ನು ಜಿಲ್ಲಾಧಿಕಾರಿಗೇ ಕೊಡುವುದೆಂದು ಆಯಿತು. ಗ್ರಾಮ ನಕಾಶೆಯ ದೃಢೀಕೃತ ಪ್ರತಿ, ಪಹಣಿ, ಗೇಟಿನ ಫೋಟೊ, ಆ ತನಿಖಾ ವರದಿ ಎಲ್ಲವನ್ನೂ ಲಗತ್ತಿಸುತ್ತೇನೆ. ನಾಳೆ ಬೆಳಿಗ್ಗೆ ಆರಕ್ಕೆ ಚಿಕ್ಕಪ್ಪ ಮತ್ತೆ ಹೊರಡುತ್ತಾರೆ, ಜೊತೆಗೆ ನಾನೂ ಇರುತ್ತೇನೆ, ಇಪ್ಪತ್ತೆಂಟು ಮನೆಯಿಂದಲೂ ಒಬ್ಬೊಬ್ಬರು ಬರುತ್ತಾರೆ. ಆ ನೋಟ್‌ಬುಕ್ಕಿನಲ್ಲಿ ನಮ್ಮಲ್ಲಿ ಯಾರೂ ಹೆಸರು ಬರೆಯುವುದಿಲ್ಲ.